ಎಸ್ತೇರಳ ತಕರಾರು

"ನಮ್ಮ ಎಸ್ತೇರಗೂ ಗೋಕಾಕದ ಶಮುವೇಲಗೂ ಲಗ್ನ ಗೊತ್ತಾಗೇತಿ. ಇದು ಕಡೀ ಸಲದ ಓದು. ಯಾರದರೆ ತಕರಾರ ಇದ್ರ ಈಗ ಹೇಳ್ರಿ!"

ಮದುವೆಗೆ ಮೊದಲು ಮೂರು ಭಾನುವಾರ ಓದುವ ಪ್ರಕಟಣೆ ಮುಗಿಸಿ ಪಾಸ್ಟರ್ ಚರ್ಚಿನೊಳಗೆಲ್ಲ ಕಣ್ಣಾಡಿಸಿದರು. ಎಸ್ತೇರ ಓರೆಗಣ್ಣಿನಿಂದ ಆಚೆ ನೋಡಿದಳು. ಅತ್ತ ಗಂಡಸರ ಸಾಲಿನಲ್ಲಿ ಸುಧೀರ ತಲೆ ಬಗ್ಗಿಸಿ ಕುಳಿತಿದ್ದ.

ಏಳು ಸುಧೀರ... ನಿನ್ನೆ ಫೋನಿನಲ್ಲಿ ಎಷ್ಟು ಬೇಡಿಕೊಂಡೆ!

ಅವನು ಏಳಲಿಲ್ಲ. ಕೈ ಬಿಟ್ಟನಾ?

ಈ ಗಂಟು ಬಿದ್ದದ್ದು ಕ್ರಿಸ್‌ಮಸ್ ದಿನ. ಹಾಡು ಕನ್ನಡದಲ್ಲೇ ಆಗಬೇಕೆಂದು ಅವಳ ಅಪ್ಪ ದಾವಿದಪ್ಪ, ಮರಾಠಿಯಲ್ಲೇ ಎಂದು ಸುಧೀರನ ಅಪ್ಪ ತುಕಾರಾಮ! ದೇವರಿಗೆ ಎರಡೂ ಬರುತ್ತವೆಂದು ಇಬ್ಬರಿಗೂ ಹೊಳೆಯಲಿಲ್ಲ. ಹಗೆ ಇಟ್ಟುಕೊಂಡವರು ಚರ್ಚಿನಲ್ಲಿ ಹಂಚುವ ಪ್ರಭುಭೋಜನದ ಪವಿತ್ರ ರೊಟ್ಟಿ ಮುಟ್ಟಬಾರದೆಂಬುದು ನೇಮ. ಈ ಪುಣ್ಯಾತ್ಮರು ಹಗೆ ಬಿಡುವ ಬದಲು ರೊಟ್ಟಿಯನ್ನೇ ಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಸುಧೀರನನ್ನು ಪ್ರೀತಿಸಿದ ಮಗಳಿಗೆ ಅವಸರದಲ್ಲಿ ಬೇರೆ ಗಂಡು ಗೊತ್ತಾಯಿತು.

ಹೂಂ ಅಂದರೆ ಬದುಕೆಲ್ಲ ಸುಳ್ಳು. ಒಲ್ಲೆ ಅಂದರೆ ಅಪ್ಪನ ಮಾನ ಹೋಗುತ್ತದೆ... ಎತ್ತ ಹೊರಳಿದರೂ ಗೋಡೆ! ಪಕ್ಕದಲ್ಲಿ ಅವ್ವ ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿದಿದ್ದಳು.

ಎಸ್ತೇರ ಕೈ ಬಿಡಿಸಿಕೊಂಡು ಎದ್ದಳು.

"ತಕರಾರ ನಂದ ಐತ್ರಿ."

ಮದುಮಗಳೇ ತಕರಾರು ಎತ್ತಿದ್ದನ್ನು ಆ ಸಭೆ ಕಂಡಿರಲಿಲ್ಲ.

"ಕುಂಡ್ರಬೇ!" ದಾವಿದಪ್ಪ ಗುಡುಗಿದ.

"ಅಪ್ಪಾ, ನಿನ್ನ ಮೀರಿ ಓಡಿ ಹೋಗೂದಿಲ್ಲ. ಆದ್ರ ದೇವರ ಮುಂದ ಸುಳ್ಳ ಹೂಂ ಅನ್ನೂದಿಲ್ಲ. ನೀನೂ ಸುಧೀರನ ಅಪ್ಪನೂ ಮಾತಾಡೂತನಕ ಕಾಯ್ತೀನಿ... ಮುದುಕಿ ಆದ್ರೂ ಕಾಯ್ತೀನಿ."

"ನಾನೂ ಕಾಯ್ತೀನ್ರಿ, ದಾವಿದಪ್ಪ ಕಾಕಾ." ಸುಧೀರ ಎದ್ದು ನಿಂತಿದ್ದ.

ಅಷ್ಟರಲ್ಲಿ ತುಕಾರಾಮ ಮೊಣಕಾಲು ಹಿಡಿದುಕೊಂಡು ಎದ್ದ. ನಿಧಾನಕ್ಕೆ ನಡೆದು ದಾವಿದಪ್ಪನ ಮುಂದೆ ನಿಂತ.

"ಮಾಝೀ ಚೂಕ ಝಾಲೀ, ದಾವಿದಾ. ತಪ್ಪ ನಂದು. ನಮ್ಮ ಜಿದ್ದಿಗೆ ಹುಡುಗೂರ್ನ ಯಾಕ ಕಟ್ಟಿ ಹಾಕೂದು?"

ಕನ್ನಡ ಬಿಟ್ಟು ಬೇರೆ ಮಾತೇ ಬೇಡ ಎಂದಿದ್ದ ದಾವಿದಪ್ಪ ಪಕ್ಕಕ್ಕೆ ಸರಿದು ಜಾಗ ಮಾಡಿದ.

"ಯೇ... ಬಸ್," ಎಂದ ಮರಾಠಿಯಲ್ಲೇ. ಬಾ, ಕೂತ್ಕೋ ಅಂತ. ಆಮೇಲೆ ಕಣ್ಣೊರೆಸಿಕೊಂಡ. "ಪಾಸ್ಟರ್, ಈ ಲಗ್ನದ ಓದು ರದ್ದ ಮಾಡ್ರಿ. ಗೋಕಾಕದವರ ಕಾಲಿಗೆ ನಾನ ಬೀಳ್ತೀನಿ."

ಎಸ್ತೇರಳಿಗೆ ಅಳು ತಡೆಯಲಾಗಲಿಲ್ಲ!

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಸುಧೀರ ಹತ್ತಿರ ಬಂದ.

"ಮೊದಲ ಯಾಕ ಏಳಲಿಲ್ಲ ನೀ?"

"ನಾ ಎದ್ದಿದ್ರ ನಿಮ್ಮಪ್ಪನ್ನ ಮಂದ್ಯಾಗ ಸೋಲಿಸಿದಂಗ ಆಗ್ತಿತ್ತು. ಸೋಲಿಸಿ ನಿನ್ನ ಕರ್ಕೊಂಡ ಹೋದ್ರ, ನೀ ತವರಿಗೆ ಹೆಂಗ ಬರ್ತಿದ್ದಿ? ಅದಕ್ಕ ನಿಮ್ಮಪ್ಪನ ಮುಂದ ತಪ್ಪ ಒಪ್ಕೋ ಅಂತ ದಿನಾ ನಮ್ಮಪ್ಪನ್ನ ಬೇಡ್ಕೊಳ್ಳಾಕತ್ತಿದ್ದೆ..."

ಅವಳು ಮುಖ ಪಕ್ಕಕ್ಕೆ ತಿರುಗಿಸಿದಳು. ಅವನಿಗೆ ದಿಗಿಲಾಯಿತು.

"ಸಿಟ್ಟ ಹೋತಿಲ್ಲೋ?"

"ಇಲ್ಲ," ಎಂದಳು ಎಸ್ತೇರ, ಅಳುತ್ತಲೇ ನಗುತ್ತ. "ಜೀವನಪೂರ್ತಿ ನನ್ನ ಜೋಡಿ ಇರ್ತಿಯಲ್ಲ... ಸಾವಕಾಶ ತೀರಿಸ್ಕೊಂತೀನಿ."