ಕಾಗದದ ಪಿಟೀಲು

ಮೇಸ್ತ್ರಿ ಬೊಮ್ಮಯ್ಯನ ಮಗ ನಂದನ್ ಕಳಸದ ಸಭಾಭವನದಲ್ಲಿ ಪಿಟೀಲು ನುಡಿಸಿದ ಆ ಸಂಜೆಯನ್ನು ಕಂಡವರು ಸುಲಭಕ್ಕೆ ಮರೆಯುವವರಲ್ಲ. ಬಣಕಲ್ ಬಳಿಯ ಕಾಫಿ ತೋಟದಲ್ಲಿ, ಕೂಲಿಯವರ ಲೈನುಮನೆಯಲ್ಲಿ ಹುಟ್ಟಿದ ಹುಡುಗ. ಕಂಬಳಿ ಸುತ್ತಿದ ಪಿಟೀಲನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ಕೊಟ್ಟಿಗೆಹಾರದಲ್ಲಿ ಬಸ್ಸು ಬದಲಿಸಿ, ವರ್ಷಗಟ್ಟಲೆ ಗುರುಗಳ ಮನೆಗೆ ಅಲೆದು ಕಲಿತವನು. ಹೊರಗಿನಿಂದ ಬರಬೇಕಿದ್ದ ವಿದ್ವಾಂಸರು ತಡವಾದರೆಂದು, ಜನ ಎದ್ದು ಹೋಗದಿರಲಿ ಎಂಬ ಒಂದೇ ಕಾರಣಕ್ಕೆ ಅವನನ್ನು ವೇದಿಕೆಗೆ ಏರಿಸಿದ್ದರು. ವಿದ್ವಾಂಸರು ಬಂದ ಮೇಲೂ ಸಭೆ ಅವನನ್ನು ಇಳಿಯಗೊಡಲಿಲ್ಲ! ಇಂದು ಈ ಹುಡುಗನ ಹುಟ್ಟುಹಬ್ಬ ಎಂದು ಯಾರೋ ಧ್ವನಿವರ್ಧಕದಲ್ಲಿ ಸಾರಿದಾಗ ಚಪ್ಪಾಳೆ ಮತ್ತೊಮ್ಮೆ ಮೊಳಗಿತ್ತು.

ಕೊನೆಯ ಸಾಲಿನಲ್ಲಿ, ಶಿವಮೊಗ್ಗದಿಂದ ರಜೆಗೆ ಬಂದಿದ್ದ ಎರಡು ಜಡೆಯ ಹುಡುಗಿಯೊಬ್ಬಳು ಕುಳಿತಿದ್ದಳು. ಹೆಸರು ಧನ್ಯಶ್ರೀ. ಅಂದು ಅವಳ ಎದೆ ಹೊಕ್ಕ ನಾದ ಮತ್ತೆ ಹೊರಗೆ ಹೋಗಲೇ ಇಲ್ಲ.

ವರ್ಷಗಳ ಮೇಲೆ ಅದೇ ನಂದನ್ ಈಗ ಅವಳೆದುರು ನಿಂತಿದ್ದ... ಕಣ್ಣಲ್ಲಿ ಕೆಂಡ!

“ಇದನ್ನ ಮಾಡಿದ್ದು ನೀವೇನಾ?”

ಅದು ಮೂಡಿಗೆರೆಯಲ್ಲಿದ್ದ, ಅವಳ ಸೋದರಮಾವ ಮಲ್ಲಿಕಾರ್ಜುನಪ್ಪನವರ ಪ್ರಿಂಟಿಂಗ್ ಪ್ರೆಸ್ಸು. ತಂದೆ ತೀರಿಕೊಂಡ ಮೇಲೆ ಶಿವಮೊಗ್ಗದಿಂದ ಮಾವನ ಆಸರೆಗೆ ಬಂದಿದ್ದ ಧನ್ಯಶ್ರೀ, ಅಲ್ಲಿನ ಮೂಲೆಯ ಮೇಜಿನಲ್ಲಿ ಕೈಯಿಂದ ಶುಭಾಶಯ ಪತ್ರ ಮಾಡಿ ಮಾರುತ್ತಿದ್ದಳು. ನಂದನ್ ಮೇಜಿನ ಮೇಲೆಸೆದ ಹುಟ್ಟುಹಬ್ಬದ ಕಾರ್ಡು ಅವಳದೇ; ಅಂದು ಧ್ವನಿವರ್ಧಕದಲ್ಲಿ ಸಾರಿದ ದಿನವನ್ನು ಅವಳು ಮರೆತಿರಲಿಲ್ಲ. ತನ್ನ ಹೆಸರು ಬರೆಯುವ ಧೈರ್ಯವಾಗದೆ ಮಾವನ ಕೈಯಲ್ಲಿ ತೋಟಕ್ಕೆ ಕಳುಹಿಸಿದ್ದಳು. ಕಾರ್ಡಿನ ಬೆನ್ನಿಗಿದ್ದ ಪ್ರೆಸ್ಸಿನ ಮೊಹರು ಅವಳ ಗುಟ್ಟು ಬಿಟ್ಟುಕೊಟ್ಟಿತ್ತು.

ಎಷ್ಟು ಆಸೆಯಿಂದ ಮಾಡಿದ್ದಳು! ದಪ್ಪ ಕಾಗದವನ್ನು ಬೋರಲು ಹಾಕಿ, ಹಿಂಬದಿಯಿಂದ ಮೊಂಡು ಸೂಜಿಯಲ್ಲಿ ಉಜ್ಜಿ ಉಜ್ಜಿ, ಮುಂಬದಿಯಲ್ಲಿ ಪಿಟೀಲೊಂದು ಉಬ್ಬಿ ನಿಲ್ಲುವಂತೆ ಎಂಬಾಸ್ ಮಾಡಿದ್ದಳು. ಸ್ವರಾಕ್ಷರಗಳನ್ನು, ಅಚ್ಚೊತ್ತಿ ಕಾಗದ ಕತ್ತರಿಸುವ ಡೈ ಯಂತ್ರದಲ್ಲಿ ಕತ್ತರಿಸಿ ಸುತ್ತ ಅಂಟಿಸಿದ್ದಳು. ತಂತಿಯ ಮೇಲಾಡುವ ಕೈಗೆ ಮಾತ್ರ ಸಿದ್ಧ ಡೈ ಸಿಗಲಿಲ್ಲ. ತನ್ನ ಎಡಗೈಯ ಸುತ್ತ ಗೆರೆ ಎಳೆದು, ಮಾವನಿಂದ ಬ್ಲೇಡು ಬಾಗಿಸಿ ಡೈ ಮಾಡಿಸಿಕೊಂಡಿದ್ದಳು.

“ಚೆನ್ನಾಗಿಲ್ವಾ...?” ಎಂದಳು.

“ಯಾಕಿಲ್ಲ? ಒಂದೊಂದು ಬೆರಳೂ ನೀಟಾಗಿ ಕತ್ತರಿಸಿದೀರಿ. ನನ್ನನ್ನ ತಮಾಷೆ ಮಾಡೋಕೆ ಇಷ್ಟು ಕಷ್ಟಪಡಬೇಕಿತ್ತಾ?”

ಅವನು ಎಡಗೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ.

ನಡುಬೆರಳಿಲ್ಲ. ಉಂಗುರದ ಬೆರಳಿಲ್ಲ. ಅಲ್ಲಿ ಹೊಲಿಗೆ ಒಣಗಿದ ಚರ್ಮ ಮಾತ್ರ...

ಧನ್ಯಶ್ರೀ ತಲೆ ಎತ್ತುವಷ್ಟರಲ್ಲಿ ಅವನು ಹೊರಟುಹೋಗಿದ್ದ. ಕಾರ್ಡನ್ನು ಮಾತ್ರ ಅಲ್ಲಿ ಬಿಟ್ಟಿರಲಿಲ್ಲ; ಅದನ್ನು ಗಮನಿಸುವ ಸ್ಥಿತಿ ಅವಳಿಗಿರಲಿಲ್ಲ.

“ಮಾವ! ಅವ್ರು ಈಗ ಪಿಟೀಲು ನುಡಿಸ್ತಾರಾ ಅಂತ ಕೇಳಿದ್ದಕ್ಕೆ, ಕೆಲಸ ಜಾಸ್ತಿ, ಬಿಟ್ಟಿದಾನೆ ಅಂದ್ರಲ್ಲ! ಯಾಕೆ ಹಾಗಂದ್ರಿ?”

ಮಲ್ಲಿಕಾರ್ಜುನಪ್ಪನವರು ಕನ್ನಡಕ ತೆಗೆದು ಒರೆಸತೊಡಗಿದರು.

“ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್‌ಗೆ ಕೈ ಸಿಕ್ತು ಕಣಮ್ಮ. ನೋವಾಗುತ್ತೆ ಅಂತ ಅವನ ಎದುರಿಗೆ ಯಾರೂ ಆ ಮಾತು ಎತ್ತಲಿಲ್ಲ. ಆಮೇಲೆ ಬೆನ್ನಹಿಂದೆ ಎತ್ತೋದೂ ತಪ್ಪಿಹೋಯ್ತು. ಕೆಲಸ ಜಾಸ್ತಿ ಅನ್ನೋದೇ ಎಲ್ಲರ ಬಾಯಿಗೂ ರೂಢಿ ಆಯ್ತು.”

“ಬೆರಳು ತೋರಿಸಿ ಡೈ ಮಾಡಿಸಿಕೊಂಡಾಗಲೂ ಹೇಳಲಿಲ್ವಲ್ಲ ಮಾವ...”

“ಆ ಡೈ ಯಾರ ಕಾರ್ಡಿಗೆ ಅಂತ ಆಗ ನೀನು ಎಲ್ಲಿ ಹೇಳಿದೆ, ತಾಯಿ? ಆಮೇಲೆ ಅಂಟಿಸಿದ ಲಕೋಟೆ ಕೊಟ್ಟೆ, ನಾನು ಹಾಗೇ ತೋಟದ ಆಫೀಸಲ್ಲಿ ಇಟ್ಟು ಬಂದೆ.”

ಊರಿಗೆ ಊರೇ ಕರುಣೆಯಿಂದ ಮುಚ್ಚಿಟ್ಟ ಗಾಯವನ್ನು ತಾನು ಉಗುರಿನಿಂದ ಕೆರೆದಿದ್ದಳು! ಅವಳು ಮೇಜಿಗೆ ಹಣೆ ಆನಿಸಿ ಅತ್ತಳು. ಅತ್ತರೆ ತೀರುವ ತಪ್ಪೇ ಇದು?

ಮರುದಿನ ಬೆಳಿಗ್ಗೆಯ ಬಸ್ಸಿಗೆ ಅವಳು ಬಣಕಲ್ಲಿನ ತೋಟಕ್ಕೆ ಹೋದಳು. ನಂದನ್ ಅಲ್ಲಿ ಲೆಕ್ಕ ಬರೆಯುವ ರೈಟರ್. ಕಣದ ತುಂಬ, ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಬಿಸಿಲಿಗೆ ಹರಡಿತ್ತು. ಅದರಲ್ಲಿ ಕೈಯಾಡಿಸುತ್ತಿದ್ದ ಹೆಂಗಸರಲ್ಲೊಬ್ಬಳು, “ರೈಟರೇ, ನಿಮ್ಮನ್ನ ಹುಡುಕ್ಕೊಂಡು ಪ್ಯಾಟೆಯಿಂದ ಬಂದವ್ರೆ! ಕಾಪಿ ಕುಡ್ಸಿ ಕಳ್ಸಿ, ಮಾನ ಉಳಿಸಿ” ಎಂದಳು. ಉಳಿದವರು ನಕ್ಕರು. ಅವನು ನಗಲಿಲ್ಲ.

“ನಾನು ಧನ್ಯಶ್ರೀ. ಕ್ಷಮೆ ಕೇಳೋಕೆ ಬಂದೆ. ಕಳಸದಲ್ಲಿ ನೀವು ನುಡಿಸಿದ್ದಷ್ಟೇ ಕೇಳಿದ್ದು, ಕೈ ವಿಷಯ ನನಗೆ ಗೊತ್ತಿರಲಿಲ್ಲ” ಎಂದಳು ಅವಳು.

“ನಿನ್ನೆ ನಿಮ್ಮ ಮುಖ ನೋಡಿದಾಗಲೇ ಗೊತ್ತಾಯ್ತು. ಆದರೂ ಕಿರುಚಿದ ಮೇಲೆ ನಿಲ್ಲೋದು ಹೇಗೆ? ಓಡಿ ಬಂದೆ.” ಅವನು ಕಣದ ಕಡೆ ನೋಡುತ್ತ ಮೆಲ್ಲನೆ ಹೇಳಿದ. “ಸಿಟ್ಟು ಬಂದಿದ್ದು ಕಾರ್ಡಿನಲ್ಲಿದ್ದ ಆ ಕೈ ಕಂಡು ಅಲ್ಲ. ಉಬ್ಬಿದ ತಂತಿ ಮೇಲೆ ಸುಮ್ಮನೆ ಕೈ ಆಡಿಸಿದೆ... ಇಲ್ಲದ ಬೆರಳು ಎರಡೂ ತಾವಾಗೇ ಜಾಗ ಹುಡುಕ್ಕೊಂಡು ಹೋದ್ವು! ಒಂದು ಕ್ಷಣ ಎಲ್ಲಾ ಇದೆ ಅನ್ನಿಸ್ತು. ಆಮೇಲೆ ಮತ್ತೊಂದ್ಸಲ ಕಳಕೊಂಡ ಹಾಗಾಯ್ತು.”

ಅವಳ ಕಣ್ಣು ತುಂಬಿತು.

“ಅದು ಯಾರ ಕೈ?” ಎಂದು ಅವನೇ ಕೇಳಿದ. “ಬೆರಳು ಸಣ್ಣವು.”

“ನಂದು.”

ನಂದನ್ ಮೊದಲ ಬಾರಿಗೆ ಅವಳನ್ನು ನೆಟ್ಟ ನೋಟದಿಂದ ನೋಡಿದ. ನೋಡಿ, ತಾನೇ ದೃಷ್ಟಿ ತಗ್ಗಿಸಿದ.

“ಕಳಸದಲ್ಲಿ ನುಡಿಸಿದ ಹುಡುಗನನ್ನ ಹುಡುಕಿ ಬಂದಿದೀರಿ, ಧನ್ಯಶ್ರೀ. ಅವನು ಇಲ್ಲಿಲ್ಲ. ವಾಪಸ್ ಹೋಗಿ.”

“ನಾನೂ ಹಾಗೇ ಅಂದುಕೊಂಡು ಬಸ್ ಹತ್ತಿದೆ. ಇಲ್ಲಿಗೆ ಬರೋ ಹೊತ್ತಿಗೆ, ನಿನ್ನೆ ನನ್ನ ಮೇಲೆ ಕಿರುಚಿದೋರನ್ನೇ ನೋಡಬೇಕು ಅನ್ನಿಸ್ತಿತ್ತು.”

ಏನು ಹೇಳಿದರೂ ಈ ಮನುಷ್ಯ ಬಾಗಿಲು ಹಾಕಿಕೊಳ್ಳುತ್ತಾನೆ ಎನಿಸಿ, ಅವಳು ಅಂದು ಕಳಸದಲ್ಲಿ ಅವನು ಕೊನೆಗೆ ನುಡಿಸಿದ್ದನ್ನು ಮೆಲ್ಲನೆ ಗುನುಗತೊಡಗಿದಳು. ಸಂಗೀತ ಕಲಿತವಳಲ್ಲ. ಸ್ವರ ಎಡವಿತು. ಮತ್ತೆ ಎದ್ದಿತು. ಮತ್ತೆ ಎಡವಿತು.

“ನಿಲ್ಸಿ!” ಎಂದ ಅವನು. ಅವಳು ನಿಲ್ಲಿಸಲಿಲ್ಲ.

“ಅಯ್ಯೋ, ರೇವತಿ ರಾಗದಲ್ಲಿ ಇಲ್ಲದ ಗಾಂಧಾರ ಎಲ್ಲಿಂದ ತಂದೆ, ಮಾರಾಯ್ತಿ!”

‘ನೀವು’ ಎಲ್ಲಿ ಜಾರಿತೋ ಅವನಿಗೇ ತಿಳಿಯಲಿಲ್ಲ. ಅವಳಿಗೆ ತಿಳಿಯಿತು.

“ಸರಿ ಯಾವುದು, ಹೇಳಿಕೊಡಿ.”

“ಯಾವ ಕೈಯಲ್ಲಿ ಹೇಳಿಕೊಡ್ಲಿ?”

“ನಿಮ್ಮ ಗುರುಗಳು ಮೊದಲು ಕೈಗೆ ಹೇಳಿಕೊಡ್ತಿದ್ರಾ?”

ಇಲ್ಲ. ಬಾಯಲ್ಲಿ ಹಾಡಿ ತೋರಿಸದ ಸಂಗತಿಯನ್ನು ತಂತಿಯ ಮೇಲೆ ಮುಟ್ಟಲು ಗುರುಗಳು ಎಂದೂ ಬಿಟ್ಟವರಲ್ಲ. ಗಂಟಲಿಗೆ ಬಂದದ್ದಷ್ಟೇ ಬೆರಳಿಗೆ. ಬೆರಳು ಹೋದ ದಿನ ನಂದನ್ ಗಂಟಲನ್ನೂ ಹೂತುಬಿಟ್ಟಿದ್ದ.

ಅವನು ಹಾಡಿದ.

ಒರಟು ದನಿ, ಬಳಕೆಯಿಲ್ಲದ ದನಿ. ಮೊದಲ ಸಾಲು ಬಿರುಕು ಬಿಟ್ಟಿತು. ಎರಡನೆಯದರಲ್ಲಿ ಕೆನ್ನೆಯ ಮೇಲೆ ನೀರಿಳಿಯಿತು, ಆದರೂ ನಿಲ್ಲಲಿಲ್ಲ. ಕಣದ ಹೆಂಗಸರು ಕೈಯಾಡಿಸುವುದನ್ನು ಬಿಟ್ಟು ನಿಂತರು. ಯಾರೂ ತಮಾಷೆ ಮಾಡಲಿಲ್ಲ.

ಮುಗಿದಾಗ ಅವನ ಎಡಗೈ ಧನ್ಯಶ್ರೀಯ ಎರಡೂ ಅಂಗೈಗಳ ನಡುವೆ ಇತ್ತು. ಅವನು ಅದನ್ನು ಜೇಬಿಗೆ ಹಿಂದೆಗೆದುಕೊಳ್ಳಲಿಲ್ಲ.

“ಕೇಳೋ ಹಾಗಿಲ್ಲ, ಅಲ್ವಾ?” ಎಂದ, ಮಗುವಿನಂತೆ.

“ಕೇಳೋ ಹಾಗಿಲ್ಲ” ಎಂದಳು ಅವಳು, ಅಳುತ್ತ, ನಗುತ್ತ. “ಇನ್ನೊಂದ್ಸಲ ಹಾಡಿ.”