ಜೋಲಪ್ಪನ ಕಿವಿ ಒರೆಸಿದ ದೊರೆ

ಬಹಳ ಬಹಳ ಹಿಂದೆ, ಮಾಯ ಮಂತ್ರಗಳು ಸಂತೆಯ ಸೊಪ್ಪಿನಷ್ಟು ಸಲೀಸಾಗಿ ಸಿಗುತ್ತಿದ್ದ ಕಾಲದಲ್ಲಿ, ತುಂಗಾವತಿ ಅಂತ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಗೌರವ ಅಂದರೆ ಎತ್ತರ. ಮನುಷ್ಯ ದೊಡ್ಡವನಾದಷ್ಟೂ ಅವನ ಪೀಠ ಮೇಲೆ. ಸೇನಾಪತಿ ಏಣಿ ಹತ್ತಿ ಊಟಕ್ಕೆ ಕೂರುತ್ತಿದ್ದ. ಮಂತ್ರಿ ಉದ್ದಂಡಯ್ಯನ ಪಾದುಕೆ ಮೊಣಕಾಲೆತ್ತರ, ನಡೆಯುವಾಗ ಇಬ್ಬರು ಆಳುಗಳು ಹಿಡಿದುಕೊಳ್ಳಬೇಕು. ಎಲ್ಲರಿಗಿಂತ ಮೇಲೆ, ಸೂರಿಗೆ ತಲೆ ತಾಗುವಂತೆ ಕೂರುತ್ತಿದ್ದವನು ಶಿಖರಸೇನ ಮಹಾರಾಜ. ಅವನು ನೆಲ ಮುಟ್ಟಿದ್ದು ಅಂಬೆಗಾಲಿನ ವಯಸ್ಸಿನಲ್ಲೇ ಕೊನೆ.

ಇಂಥ ಊರಿಗೆ ರಾಣಿಯಾಗಿ ಬಂದ ಸಿರಿಯಾದೇವಿ ತವರಿನಿಂದ ಒಂದು ನಾಯಿಯನ್ನು ಕರೆತಂದಳು. ಹೆಸರು ಜೋಲಪ್ಪ. ಮೈ ಮಾರುದ್ದ, ಕಾಲು ಗೇಣುದ್ದ. ಕಿವಿಗಳೋ, ತಾನೇ ತುಳಿದು ಮುಗ್ಗರಿಸುವಷ್ಟು ಉದ್ದ. ಹಣೆಯ ಚರ್ಮ ಕಣ್ಣಿನವರೆಗೂ ಇಳಿದು, ಈಗಷ್ಟೇ ಯಾರನ್ನೋ ಮಣ್ಣುಮಾಡಿ ಬಂದವನ ಮುಖ. ಬಾಯಿಯ ಅಂಚಿನಲ್ಲಿ ಸದಾ ಜೊಲ್ಲು. ತಲೆ ಕೊಡವಿದರೆ ಆಸ್ಥಾನಕ್ಕೆಲ್ಲ ಪ್ರೋಕ್ಷಣೆ. ಮೂಗನ್ನು ಮಾತ್ರ ದೇವರು ಕೈಬಿಚ್ಚಿ ಕೊಟ್ಟಿದ್ದ. ನಿನ್ನೆ ಹಾದುಹೋದ ಇಲಿ ಏನು ತಿಂದಿತ್ತು ಅನ್ನುವುದು ಕೂಡ ಜೋಲಪ್ಪನಿಗೆ ಗೊತ್ತಾಗುತ್ತಿತ್ತು.

ರಾಜನಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಒಂದು ದಿನ ಪೀಠದ ಮೇಲಿಂದಲೇ ಹೇಳಿದ: "ದೇವಿ, ಇದು ನೆಲಕ್ಕೆ ಅಂಟಿಕೊಂಡ ಪ್ರಾಣಿ. ನಮ್ಮ ಮರ್ಯಾದೆ ಏನಾಗಬೇಕು? ತವರಿಗೆ ಕಳಿಸಿಬಿಡು."

ರಾಣಿ ಕತ್ತೆತ್ತಿ ನೋಡಿದಳು. "ಮದುವೆಯಾಗಿ ಇಷ್ಟು ವರ್ಷವಾಯ್ತು. ಅಷ್ಟು ಮೇಲಿಂದ ನಿಮಗೆ ನನ್ನ ಬೈತಲೆ ಬಿಟ್ಟು ಬೇರೇನಾದರೂ ಕಂಡಿದೆಯಾ?"

ಹಾಗೆಂದವಳೇ ಸಿಟ್ಟಿನಿಂದ ಕೋಟೆಯ ಹೊರಗಿನ ತೋಟಕ್ಕೆ ನಡೆದಳು. ಅಲ್ಲಿ ಬೂದಿಮಲ್ಲ ಅನ್ನುವ ಮಾಯಾವಿ ಹೊಂಚು ಹಾಕಿ ಕೂತಿದ್ದ. ಒಂದು ಹಿಡಿ ಬೂದಿ ಎರಚಿದ, ರಾಣಿಯ ಕೈ ಹಿಡಿದು ಎಳೆದುಕೊಂಡು ಹೋದ. ಆಮೇಲೆ ಅವನ ದನಿ ಮಾತ್ರ ಆಸ್ಥಾನದಲ್ಲಿ ಕೇಳಿಸಿತು.

"ಶಿಖರಸೇನ, ಅಮಾವಾಸ್ಯೆಯೊಳಗೆ ನನ್ನ ಮನೆ ಹುಡುಕಿ, ನಿನ್ನ ಹೆಂಡತಿ ಯಾರು ಅಂತ ಗುರುತು ಹಿಡಿದರೆ ಅವಳು ನಿನ್ನವಳು. ಇಲ್ಲದಿದ್ದರೆ ಎಂದೆಂದಿಗೂ ಕಲ್ಲಾಗಿ ನನ್ನ ಮನೆಯಲ್ಲೇ ಬಿದ್ದಿರುತ್ತಾಳೆ."

ಬೂದಿಮಲ್ಲನಿಗೆ ಹಾರಲು ಬರುತ್ತಿರಲಿಲ್ಲ. ಅವನ ವಿದ್ಯೆಯೆಲ್ಲ ಕಣ್ಣಿಗೆ ಮಣ್ಣೆರಚುವ ವಿದ್ಯೆ. ಹುಡುಕಲು ಹೊರಟ ಸೈನಿಕರಿಗೆ ದಾರಿಯಿದ್ದಲ್ಲಿ ಕೆರೆ ಕಂಡಿತು, ಕೆರೆಯಿದ್ದಲ್ಲಿ ದಾರಿ ಕಂಡಿತು. ಅರ್ಧ ಸೈನ್ಯ ಒದ್ದೆಯಾಗಿ ಬಂತು. ಆಗ ಎಲ್ಲರಿಗೂ ಜೋಲಪ್ಪನ ಮೂಗಿನ ನೆನಪಾಯಿತು.

ನಾಯಿಯನ್ನು ಸಿಂಹಾಸನದ ಮೇಲೆ ಕೂರಿಸಿದರೂ ಹಳೇ ಚಾಳಿ ಬಿಡದು ಅಂತಾರೆ. ಬಿಡಬಾರದು ಕಣ್ರೀ, ಬಿಟ್ಟರೆ ಅದು ನಾಯಿ ಹೇಗಾದೀತು? ಆದರೆ ತುಂಗಾವತಿಯವರಿಗೆ ಅದೆಲ್ಲಿ ಹೊಳೆಯಬೇಕು. ರಾಣಿಯನ್ನು ಹುಡುಕುವ ನಾಯಿ ನೆಲದ ಮೇಲೆ ನಡೆಯುವುದೇ ಅಂತ ಪಲ್ಲಕ್ಕಿ ತರಿಸಿದರು. ಧೂಳು ತಾಗದಿರಲಿ ಅಂತ ಕಿವಿಗಳನ್ನು ನೆತ್ತಿಯ ಮೇಲೆ ಒಟ್ಟುಮಾಡಿ ರೇಷ್ಮೆಯಲ್ಲಿ ಪೇಟದ ಹಾಗೆ ಕಟ್ಟಿದರು. ಬೆಳಗಿನಿಂದ ಸಂಜೆಯವರೆಗೆ ಮೆರವಣಿಗೆ ಹೋಯಿತು. ಜೋಲಪ್ಪ ಗೊರಕೆ ಹೊಡೆದ.

"ಧ್ಯಾನ ಮಾಡ್ತಿದ್ದಾರೆ," ಅಂದ ಉದ್ದಂಡಯ್ಯ.

ಸಂಜೆ ಎಚ್ಚರಾಗಿ ಒಮ್ಮೆ ಬೊಗಳಿದ, ಬೆಟ್ಟವೆಲ್ಲ ಮರುದನಿಗೊಟ್ಟಿತು. ಎಲ್ಲರೂ ಕತ್ತಿ ಹಿರಿದು ಓಡಿದರು. ಅಲ್ಲೊಬ್ಬಳು ಅಜ್ಜಿ ಹೋಳಿಗೆ ಬೇಯಿಸುತ್ತಿದ್ದಳು.

"ಪಲ್ಲಕ್ಕಿ ಸಾಲದು, ಇನ್ನೂ ಎತ್ತರ ಬೇಕು," ಅಂದ ಮಂತ್ರಿ. ಮರುದಿನ ಪಟ್ಟದಾನೆಯ ಅಂಬಾರಿಯಲ್ಲಿ ರಾಜನ ಪಕ್ಕದಲ್ಲೇ ಜೋಲಪ್ಪ. ಕೋಟೆಯ ಹೊರಗಿನ ತೋಟ ಬಂದದ್ದೇ ತಡ, ಅವನು ಅಂಬಾರಿಯ ಅಂಚಿಗೆ ಹೋಗಿ ಕೆಳಗೆ ಬಾಗಿದ, ಜಾರಿದ. ಅಷ್ಟು ಉದ್ದ ಬೆನ್ನು, ಅಷ್ಟು ಭಾರದ ಮೈ, ಬಿದ್ದರೆ ಬೆನ್ನುಮೂಳೆ ಉಳಿಯುವುದಿಲ್ಲ. ಸಿರಿಯಾದೇವಿ ಅವನನ್ನು ಮಂಚದಿಂದಲೂ ಹಾರಲು ಬಿಡುತ್ತಿರಲಿಲ್ಲ. ಎರಡೂ ಕೈಯಲ್ಲಿ ಎದೆ, ಸೊಂಟ ಎರಡನ್ನೂ ಆತು ಇಳಿಸುತ್ತಿದ್ದಳು. ರಾಜ ಹಾಗೆಯೇ ಅವನನ್ನು ತಬ್ಬಿ ಹಿಡಿದ. ಇಬ್ಬರೂ ಒಟ್ಟಿಗೆ ಹುಲ್ಲಿನ ಬಣವೆಯ ಮೇಲೆ ಬಿದ್ದರು, ರಾಜ ಕೆಳಗೆ, ಜೋಲಪ್ಪ ಮೇಲೆ, ಅಲ್ಲಿಂದ ನೆಲಕ್ಕೆ ಉರುಳಿದರು.

ರಾಜ ಮಣ್ಣಿಗೆ ಕೆನ್ನೆ ಒತ್ತಿ ಮಲಗಿದ್ದ. ನಾಯಿಯ ಕಿವಿಗೆ ಕಟ್ಟಿದ್ದ ರೇಷ್ಮೆಯ ಪೇಟ ಬಿಚ್ಚಿಹೋಗಿತ್ತು. ಜೋಲಪ್ಪನ ಕಿವಿಗಳು ನೆಲ ಗುಡಿಸುತ್ತಾ ಮಣ್ಣಿನ ವಾಸನೆಯನ್ನು ಮೂಗಿನ ಕಡೆ ಎಬ್ಬಿಸುತ್ತಿದ್ದವು. ಮೂಗು ಸುಂಯ್ ಸುಂಯ್ ಅಂತಿತ್ತು. ಬಾಲ ನೆಟ್ಟಗೆ ನಿಂತಿತು. ಅವನು ಉತ್ತರ ದಿಕ್ಕಿಗೆ ಹೊರಟೇಬಿಟ್ಟ.

"ಪ್ರಭು, ಏಳಿ, ಜನ ನೋಡ್ತಿದ್ದಾರೆ," ಅಂದ ಮಂತ್ರಿ.

"ನೋಡಲಿ. ಒಂದು ಹಗ್ಗ ಕೊಡು. ನಾನು ನಡೆದೇ ಹೋಗ್ತೀನಿ."

ಅಲ್ಲಿಂದ ರಾಜನ ಪಾಡು ನಾಯಿಪಾಡು, ನಾಯಿಯದು ರಾಜನ ಪಾಡು. ಜೋಲಪ್ಪ ದುಃಖದ ಮುಖ ಮಾಡಿ ನೋಡಿದ ಅಂತ ರಾಜ ಕರಗಿ, ಬುತ್ತಿಯಲ್ಲಿದ್ದ ಕಡುಬನ್ನೆಲ್ಲ ಹಾಕಿದ. ಜೋಲಪ್ಪನ ಹೊಟ್ಟೆ ನೆಲಕ್ಕೆ ತಾಗಿತು, ಆ ದಿನವಿಡೀ ಹೆಜ್ಜೆ ಎತ್ತಲಿಲ್ಲ. ಆ ಮುಖ ಹುಟ್ಟಿನಿಂದಲೇ ಹಾಗೆ, ಹಸಿವಿಗೂ ಅದಕ್ಕೂ ಸಂಬಂಧವಿಲ್ಲ ಅಂತ ರಾಜನಿಗೆ ಆಮೇಲೆ ಬುದ್ಧಿ ಬಂತು; ಅಳೆದು ಹಾಕತೊಡಗಿದ. ಹಗ್ಗ ಜಗ್ಗಿದರೆ ಜೋಲಪ್ಪ ಕೂತುಬಿಡುತ್ತಿದ್ದ, ಬೈದರೆ ಮಲಗಿಬಿಡುತ್ತಿದ್ದ. ಬೆನ್ನು ಸವರಿ "ಬಾರಪ್ಪ ರಾಜ" ಅಂದರೆ ಮಾತ್ರ ಏಳುತ್ತಿದ್ದ. ರಾಜನೇ ಇನ್ನೊಬ್ಬರನ್ನು ರಾಜ ಅಂತ ಕರೆಯಬೇಕಾಯಿತು, ಏನು ಮಾಡೋದು.

ಅಗಲ ತಟ್ಟೆಯಲ್ಲಿ ನೀರು ಕೊಟ್ಟಾಗ ಕಿವಿಗಳೂ ಜೊತೆಗೇ ನೀರು ಕುಡಿದವು. ಮರುದಿನ ಅವು ಕೆಟ್ಟ ನಾತ ಬೀರತೊಡಗಿದವು. ಜೋಲಪ್ಪ ತಲೆ ಕೊಡವಿ ಕೊಡವಿ, ಕುಂಯ್‌ಗುಟ್ಟುತ್ತಾ ಜಾಡು ಬಿಟ್ಟು ಕೂತ. ಆಕಾಶದಲ್ಲಿ ಚಂದ್ರ ಉಗುರಿನಷ್ಟೇ ಉಳಿದಿದ್ದ. ರಾಜನಿಗೆ ಅಳು ಬಂತು. ತನ್ನ ಪಟ್ಟೆಯ ಉತ್ತರೀಯವನ್ನು ಹರಿದು, ಬಿಸಿನೀರಲ್ಲಿ ಅದ್ದಿ ಹಿಂಡಿ, ಕಿವಿ ಎತ್ತಿ ಮೆಲ್ಲಗೆ ಒರೆಸಿದ, ಒಣಬಟ್ಟೆಯಲ್ಲಿ ಒತ್ತಿದ, ಗಾಳಿಯಾಡಲಿ ಅಂತ ತೊಡೆಯ ಮೇಲೆ ಮಗುಚಿ ಹಿಡಿದು ಕೂತ. ಅಂದಿನಿಂದ ದಿನಾ ಸಂಜೆ ಅದೇ ಕೆಲಸ. ನೀರಿಗೆ ಸಣ್ಣ ಬಾಯಿಯ ಕುಡಿಕೆ. ಕತ್ತಿನ ಮಡಿಕೆ, ಬೆರಳ ಸಂದು ಯಾವುದನ್ನೂ ಬಿಡಲಿಲ್ಲ. ಜೋಲಪ್ಪ ಚೇತರಿಸಿಕೊಂಡು ಮತ್ತೆ ಮೂಗು ಊರಿದ.

ಅಮಾವಾಸ್ಯೆಯ ಹಗಲು ಜೋಲಪ್ಪ ಒಂದು ಮುಳ್ಳುಪೊದೆಯ ಕೆಳಗೆ ನುಗ್ಗಿದ. ಅಲ್ಲೊಂದು ಬಿಲ, ಗೇಣೆತ್ತರಕ್ಕಿಂತ ತುಸು ಹೆಚ್ಚು. ತುಂಗಾವತಿಯವರು ಬಗ್ಗುವವರಲ್ಲ ಅಂತ ಗೊತ್ತಿದ್ದೇ ಬೂದಿಮಲ್ಲ ಬಾಗಿಲನ್ನು ಅಷ್ಟಕ್ಕಿಟ್ಟಿದ್ದ. ರಾಜ ಕಿರೀಟ ತೆಗೆದಿಟ್ಟು ಹೊಟ್ಟೆಯ ಮೇಲೆ ತೆವಳಿದ. ಮುಂದೆ ಜೋಲಪ್ಪನ ಬಾಲದ ಬಿಳಿ ತುದಿ ಒಂದೇ ಕಾಣುತ್ತಿತ್ತು.

ಒಳಗೆ ದೀಪ ಉರಿಯುವ ದೊಡ್ಡ ಮನೆ. ಏಳು ಜನ ಸಿರಿಯಾದೇವಿಯರು ಸಾಲಾಗಿ ನಿಂತಿದ್ದರು. ಏಳೂ ಜನ, "ಬನ್ನಿ ಸ್ವಾಮಿ," ಅಂತ ಜೇನಿನಂತೆ ಕರೆದರು. ರಾಣಿ ಹಾಗೆ ಕರೆದು ಎಷ್ಟು ಕಾಲವಾಗಿತ್ತೋ, ರಾಜನ ಕಾಲು ಏಳೂ ಕಡೆ ಎಳೆಯಿತು.

"ಒಬ್ಬಳನ್ನು ಮುಟ್ಟಿ ಹೇಳು," ಅಂದ ಬೂದಿಮಲ್ಲ.

ಜೋಲಪ್ಪ ಏಳೂ ಜನರನ್ನು ದಾಟಿ ಹೋದ, ತಿರುಗಿ ಕೂಡ ನೋಡಲಿಲ್ಲ. ಮೂಲೆಯಲ್ಲಿ ಮಸಿ ಹಿಡಿದ ಒಂದು ಒರಳುಕಲ್ಲು ಬಿದ್ದಿತ್ತು. ಅದಕ್ಕೆ ಮೈ ಒರಗಿಸಿ ಮಲಗಿ, ನಿಟ್ಟುಸಿರು ಬಿಟ್ಟ.

ರಾಜ ಹೋಗಿ ಒರಳಿನ ಮೇಲೆ ಕೈಯಿಟ್ಟ. "ಇವಳು."

"ಕಣ್ಣು ಹೋಗಿದೆಯಾ ದೊರೆ? ಅದು ಒರಳು."

"ನನ್ನ ಕಣ್ಣನ್ನ ನಂಬಿದ್ದಕ್ಕೇ ಇಷ್ಟೆಲ್ಲ ಆಯ್ತು. ಈ ವಿಷಯದಲ್ಲಿ ಅವನು ಹೇಳಿದ್ದೇ ಸರಿ."

ಹೇಳಿದ್ದೇ ತಡ, ಏಳೂ ರಾಣಿಯರು ಬೂದಿಯಾಗಿ ಉದುರಿದರು. ಮಾಯೆ ಸೋತ ಮೇಲೆ ಮಾಯಾವಿಗೆ ಉಳಿಗಾಲವೆಲ್ಲಿ, ಬೂದಿಮಲ್ಲನೂ ಉದುರಿ ಒಂದು ಗುಡ್ಡೆಯಾದ. ಜೋಲಪ್ಪ ಹತ್ತಿರ ಹೋಗಿ ಮೂಸಿ, ಒಂದು ಸೀನು ಸೀನಿದ. ಗುಡ್ಡೆಯೂ ಉಳಿಯಲಿಲ್ಲ.

ಒರಳಿದ್ದ ಜಾಗದಲ್ಲಿ ಸಿರಿಯಾದೇವಿ ಕೂತಿದ್ದಳು. ಗಂಡನ ಕಡೆ ನೋಡಲಿಲ್ಲ. ಜೋಲಪ್ಪನನ್ನು ಎಳೆದುಕೊಂಡು, ಒಂದು ಕಿವಿ ಎತ್ತಿ ಮೂಗು ಹತ್ತಿರ ತಂದಳು. ಇನ್ನೊಂದು ಕಿವಿ ಎತ್ತಿದಳು. ನಾತವಿರಲಿಲ್ಲ.

"ಇದನ್ನ ಯಾರು ಒರೆಸ್ತಿದ್ರು?"

"ನಾನೇ."

"ದಿನಾನಾ?"

"ದಿನಾ. ಕತ್ತಿನ ಮಡಿಕೆಯಲ್ಲೂ." ರಾಜ ಮಂಡಿಯೂರಿ ಕೂತಿದ್ದ, ಮೈಯೆಲ್ಲ ಮಣ್ಣು. "ಮೊದಲು ಒಂದು ಸಲ ಗೊತ್ತಾಗದೆ ಒದ್ದೆಯಾಗೇ ಬಿಟ್ಟಿದ್ದೆ. ಅವನಿಗೆ ತುಂಬ ನೋವಾಗಿತ್ತು. ಕ್ಷಮಿಸು."

ರಾಣಿಯ ಕಣ್ಣು ತುಂಬಿತು. ಮದುವೆಯಾದಾಗಿನಿಂದ ಮೊದಲ ಸಲ ಇಬ್ಬರ ಮುಖಗಳೂ ಎದುರುಬದುರಾಗಿದ್ದವು. ಎಡಹುಬ್ಬಿನ ಕೆಳಗೆ ಅವಳಿಗೊಂದು ಮಚ್ಚೆಯಿತ್ತು. ರಾಜ ಅದನ್ನು ನೋಡುತ್ತಲೇ ಕೂತ.

ಇಬ್ಬರೂ ಜೋಲಪ್ಪನನ್ನು ಕರೆದುಕೊಂಡು ಊರಿಗೆ ಬಂದರು. ತುಂಗಾವತಿಯ ಪೀಠಗಳೆಲ್ಲ ಕೆಳಗಿಳಿದವು, ಉದ್ದಂಡಯ್ಯ ಒಬ್ಬನೇ ನಡೆಯಲು ಕಲಿತ. ಅಂದಿನಿಂದ ಆ ರಾಜ್ಯದಲ್ಲಿ ಎಲ್ಲರಿಗೂ ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ. ಜೋಲಪ್ಪನಿಗೆ ಮಾತ್ರ ಊಟ ಅಳತೆಯಲ್ಲೇ. ಅವನು ಎಷ್ಟು ದುಃಖದ ಮುಖ ಮಾಡಿದರೂ ಮಹಾರಾಜರು ಜಪ್ಪಯ್ಯ ಅನ್ನಲಿಲ್ಲ.