ಫ್ಯೂಗ್ ಕೆಡಿಸಿದ ವರ

ನಮ್ಮ ಬಾಲ್ಟಿಕ್ ಬಂದರಿನ ಚರ್ಚಿನಲ್ಲಿ ಆರ್ಗನ್ ನುಡಿಸುವ ಕೆಲಸ ಬೇಕೆಂದರೆ ಹಳೆಯ ವಾದಕನ ಮಗಳನ್ನೂ ಕಟ್ಟಿಕೊಳ್ಳಬೇಕು. ಅಪ್ಪ ಅಮ್ಮನನ್ನು ಪಡೆದದ್ದೂ ಹಾಗೆಯೇ. ಈಗ ಅಪ್ಪನಿಗೆ ವಯಸ್ಸಾಗಿತ್ತು. ಆರ್ಗನ್ ಜೊತೆ ಮಗಳು ಲೀಸ್ಬೆತ್, ಅಂದರೆ ನಾನು, ಉಚಿತ! ನೆನೆದರೇ ಮೈ ಉರಿಯುತ್ತಿತ್ತು.

ಆದರೆ ಪರೀಕ್ಷೆಗೆ ಬಂದವನು ಹಿನ್ರಿಕ್. ಮಾನ್‌ಹೈಮ್‌ನಲ್ಲಿ ಹೊಸ ಬಗೆಯ ಸಂಗೀತ ಕಲಿತವನು, ಹುಬ್ಬಿನಲ್ಲೇ ನಗುವವನು. ಅವನು ಅಭ್ಯಾಸ ಮಾಡುವಾಗ ಪಕ್ಕದಲ್ಲಿ ನಿಂತು, ಆರ್ಗನ್ನಿನ ಹಿಡಿಗಳನ್ನು ಎಳೆದು ದನಿ ಬದಲಿಸುವುದು ನನ್ನ ಕೆಲಸ. ನನ್ನ ಕಣ್ಣೆಲ್ಲ ಅವನ ಕೆಂಪು ಕಿವಿಯ ಮೇಲೇ.

"ನಿಮ್ಮಪ್ಪನ ಫ್ಯೂಗ್ ಸೊಗಸಾಗಿದೆ ಕಣ್ರೀ," ಅಂದ ಒಮ್ಮೆ. "ಆದ್ರೆ ಇರೋದು ಒಂದೇ ರಾಗ. ಒಂದು ದನಿ ಅದನ್ನ ಹಿಡ್ಕೊಂಡು ಓಡುತ್ತೆ, ಮಿಕ್ಕಿದ್ದೆಲ್ಲ ಬೆನ್ನಟ್ಟುತ್ತೆ. ಹೊಸ ಸೊನಾಟಾದಲ್ಲಿ ಎರಡು. ಒಂದು ಗಂಭೀರ. ಇನ್ನೊಂದು ಬೇರೆ ಶ್ರುತಿಯ ತುಂಟಿ. ನಡುವೆ ಜಗಳ, ಅಲೆದಾಟ. ಕೊನೆಗೆ ಅವಳು ಇವನ ಶ್ರುತಿಗೇ ಬರ್ತಾಳೆ."

"ಅವಳೇ ಯಾಕ್ ಬರ್ಬೇಕು? ಅವನಿಗೇನು ಕಾಲಿಲ್ವಾ?"

ಕೀಲಿಮಣೆಯ ಮೇಲೆ ಅವನ ಕೈ ನಿಂತೇಹೋಯಿತು. "ಇದನ್ನ ಯಾರೂ ಕೇಳಿರ್ಲಿಲ್ಲ," ಎಂದು ನನ್ನನ್ನೇ ನೋಡಿದ.

ಅಷ್ಟು ಸಾಕಾಯಿತು, ನಾನು ಸೋತೆ. ಆದರೆ ಅವನಿಗೆ ಬೇಕಾದದ್ದು ನಾನೋ ಆರ್ಗನ್ನೋ? ಅವನು ಗೆದ್ದರೆ ಅದು ನನಗೆ ಜೀವಮಾನವಿಡೀ ತಿಳಿಯುವುದಿಲ್ಲ.

ಪರೀಕ್ಷೆಯ ದಿನ ಊರಿನ ಹಿರಿಯರೆಲ್ಲ ಬಂದು ಕೂತರು. ಪದ್ಧತಿಯಂತೆ ಅಪ್ಪ ಒಂದು ರಾಗ ಕೊಟ್ಟರು. ಅದರ ಮೇಲೆ ಅಲ್ಲೇ ಫ್ಯೂಗ್ ಕಟ್ಟಬೇಕು. ಹಿಡಿ ಎಳೆಯಲು ನಾನು ಎಂದಿನಂತೆ ಪಕ್ಕದಲ್ಲಿ ನಿಂತೆ, ಹಿನ್ರಿಕ್ ಶುರುಮಾಡಿದ. ಎಂಥ ಫ್ಯೂಗ್! ಹಿರಿಯರು ತಲೆದೂಗಿದರು. ಗೆದ್ದೇಬಿಟ್ಟ ಅಂದುಕೊಂಡೆ, ಅಳು ಬಂತು.

ಅವನು ಓರೆಗಣ್ಣಲ್ಲಿ ನನ್ನ ಮುಖ ನೋಡಿ ತಟ್ಟನೆ ನಿಲ್ಲಿಸಿದ. "ಆ ಕೊಳಲಿನ ದನಿಯ ಹಿಡಿ ಎಳೀರಿ," ಎಂದು ಪಿಸುಗುಟ್ಟಿದ.

ಎಳೆದೆ. ಹೊಸದೊಂದು ರಾಗ ಕುಣಿಯುತ್ತಾ ಬಂತು. ಅಪ್ಪನ ರಾಗವನ್ನು ಕೆಣಕಿತು, ಕಾಡಿತು, ಓಡಿತು. ಕೊನೆಗೆ ಅಪ್ಪನ ಗಂಭೀರ ರಾಗವೇ ಎದ್ದು ಅದರ ಶ್ರುತಿಗೆ ಹೋಗಿ ಸೇರಿತು! ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

"ಇದೇನು ಫ್ಯೂಗೋ, ಸಂತೆಯೋ?" ಅಪ್ಪ ಗುಡುಗಿದರು. "ಈ ಕೆಲಸ ನಿನಗಿಲ್ಲ. ನಡಿ ಆಚೆ!"

ನಾನು ಬಾಗಿಲಾಚೆಗೂ ಅವನ ಹಿಂದೆ ಓಡಿದೆ. "ತಲೆ ಕೆಟ್ಟಿದ್ಯೇನ್ರೀ? ಕೆಲಸ ಹೋಯ್ತಲ್ಲ!"

"ಹೋಯ್ತು!" ಅವನ ಮುಖದಲ್ಲಿ ಹಬ್ಬ. "ಈಗ ನಿಮ್ಮನ್ನ ಕೇಳ್ಬಹುದು. ನಿಮ್ಮಪ್ಪನ್ನಲ್ಲ, ಊರಿನವ್ರನ್ನಲ್ಲ. ಲೀಸ್ಬೆತ್, ನನ್ನನ್ನ ಮದ್ವೆ ಆಗ್ತೀರಾ?"

ನನ್ನ ಮದುವೆಯ ಮಾತಾಡಿದವರು ಊರ ತುಂಬ ಇದ್ದರು. ನನ್ನನ್ನೇ ಕೇಳಿದವನು ಇವನೊಬ್ಬ.

"ಹೂಂ!" ಅಂದೆ, ಒಳಗಿದ್ದ ಅಪ್ಪನಿಗೂ ಕೇಳುವಷ್ಟು ಜೋರಾಗಿ.